ಮಂಜೇಶ್ವರದ ಕವಿಮನೆ



ಹಿರಿಯರು ಬಾಳಿದ ಮನೆಯನ್ನು ಗುರುತಿಸಿ ಫಲಕ ಹಾಕುವ ಪದ್ಧತಿ ಅನೇಕ ದೇಶಗಳಲ್ಲಿದೆ. ಲಂಡನ್ನಿನಲ್ಲಿ 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಇಂತಹ ಮೊದಲ ಫಲಕ ಹಾಕಿದರು. ಮುಂದೆ ಆ ಮನೆಯನ್ನು ಕೆಡವಿದಾಗ ಫಲಕವೂ ಹೋಯಿತು. ಇಲ್ಲಿ ದುಬೈಯ ಅಲ್ ರಾಸ್‌ನಲ್ಲಿ ಅರಬ್ಬಿ ಕವಿ ಮುಬಾರಕ್ ಅಲ್ ಉಕೈಲಿಯವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ನಮ್ಮ ಕನ್ನಡಕ್ಕೂ ಅಂತಹ ಮನೆಗಳಿವೆ. ಅವುಗಳಲ್ಲಿ ಒಂದು ಇರುವುದು ಕರ್ನಾಟಕದಲ್ಲಲ್ಲ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ. ಅದು ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ ಅವರ ಮನೆ.

ಗೋವಿಂದ ಪೈ ಅವರು 1883ರ ಮಾರ್ಚ್ 23ರಂದು ಮಂಜೇಶ್ವರದಲ್ಲಿ ಜನಿಸಿದರು. ತಂದೆ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ಪರೀಕ್ಷೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಬೇಕಾಯಿತು. ಆದರೂ ಬರೆದು ಮುಗಿಸಿದ್ದ ಇಂಗ್ಲಿಷ್ ವಿಷಯದಲ್ಲಿ ಚಿನ್ನದ ಪದಕ ಬಂದಿತು. ಪದವಿ ಕೈತಪ್ಪಿತು, ಓದು ನಿಲ್ಲಲಿಲ್ಲ. ಮಂಜೇಶ್ವರದ ಮನೆಯೇ ಅವರ ವಿದ್ಯಾಲಯವಾಯಿತು. ಸಂಸ್ಕೃತ, ಪಾಲಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಸೇರಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಅವರು ಬಲ್ಲವರಾಗಿದ್ದರು.

ಆ ಮನೆಯ ಮಾತು ಕೊಂಕಣಿ. ಅಂಗಳ ದಾಟಿದರೆ ತುಳು, ಮಲಯಾಳಂ. ಆದರೆ ಅವರು ಬರೆಯಲು ಆರಿಸಿಕೊಂಡದ್ದು ಕನ್ನಡವನ್ನು. ಹಿಂದೆ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮವಿತ್ತು. 1911ರಲ್ಲಿ ಪೈಗಳು ಈ ಪ್ರಾಸವನ್ನು ಕೈಬಿಟ್ಟರು. ಪಂಡಿತರು ಆಕ್ಷೇಪಿಸಿದರೂ ಅವರು ಹಿಂಜರಿಯಲಿಲ್ಲ. ‘ಗಿಳಿವಿಂಡು’ ಅವರ ಮೊದಲ ಕವನ ಸಂಕಲನ. ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನಗಳನ್ನು ‘ವೈಶಾಖಿ’ಯಲ್ಲಿ ಚಿತ್ರಿಸಿದರು. ಏಕಲವ್ಯನ ಕಥೆ ‘ಹೆಬ್ಬೆರಳು’ ನಾಟಕವಾಯಿತು. ಈಜಿಪ್ಟಿನಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೇ ಎಂಬ ಸಂಶೋಧನೆಯಲ್ಲೂ ಅವರು ತೊಡಗಿದ್ದರು.

1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದು ನೀಡಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಮಂಜೇಶ್ವರ ಕೇರಳಕ್ಕೆ ಸೇರಿತು. ಅವರಿಗೆ ಇದು ತುಂಬಾ ನೋವು ತಂದಿತು. ಆದರೂ ಅದೇ ಮನೆಯಲ್ಲಿ ಕನ್ನಡದ ಕೆಲಸ ಮುಂದುವರಿಸಿದರು. 1963ರ ಸೆಪ್ಟೆಂಬರ್ 6ರಂದು ನಿಧನರಾದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಮನೆ ಇಂದು ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ.

ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತನಾಡುವುದರಿಂದ ಮಗುವಿಗೆ ಕನ್ನಡ ಏಕೆ ಎಂದು ಪೋಷಕರು ನಮ್ಮನ್ನು ಆಗಾಗ ಕೇಳುತ್ತಾರೆ. ಅವರಿಗೆ ನಾವು ಗೋವಿಂದ ಪೈಗಳ ಮನೆಯನ್ನು ತೋರಿಸಬಯಸುತ್ತೇವೆ. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರ, ಅಷ್ಟೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿರುವ ಕನ್ನಡ ಬರಹವನ್ನು ನೀವು ಓದಿ ಹೇಳಬೇಡಿ, ಮಗುವೇ ಓದಲಿ. ಓದುವವರು ಇರುವವರೆಗೆ ಮಾತ್ರ ಫಲಕಕ್ಕೆ ಬೆಲೆ.