ಶತ್ರು ಬರಲಿಲ್ಲ, ಪಡೆ ಉಳಿಯಿತು

ಜೈವಿಕ ಭಯೋತ್ಪಾದನೆ ಅಂದ ಕೂಡಲೇ ನಮಗೆ ನೆನಪಾಗೋದು ರಬ್ಬರ್ ಸೂಟು, ಮಾಸ್ಕು, ಗೋದಾಮು ತುಂಬ ಲಸಿಕೆ. ಅಮೆರಿಕದ ವೈದ್ಯ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಕೇಳಿದ್ದು ಬೇರೆಯದನ್ನು: ರೋಗ ಕಂಡಲ್ಲಿಗೆ ಹೋಗಿ ರೋಗಿಗಳನ್ನು ಎಣಿಸುವ ಜನರನ್ನು.

1910ರಲ್ಲಿ ಹುಟ್ಟಿದ ಅವರು 1949ರಲ್ಲಿ ಅಟ್ಲಾಂಟಾದ ಸಿಡಿಸಿ ಸೇರಿದರು. ಮಲೇರಿಯಾ ನಿಯಂತ್ರಣದ ಕಚೇರಿಯಿಂದ ಬೆಳೆದ ಆ ಸಂಸ್ಥೆಗೆ ಆಗ ಮೂರೇ ವರ್ಷ. ಮರುವರ್ಷ ಕೊರಿಯಾ ಯುದ್ಧ. ಶತ್ರು ರೋಗಾಣು ಚೆಲ್ಲಬಹುದು ಎಂಬ ಹೆದರಿಕೆಯನ್ನೇ ಹಿಡಿದು ಲ್ಯಾಂಗ್‌ಮ್ಯೂರ್ 1951ರಲ್ಲಿ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವೀಸ್, ಅಂದರೆ ಇಐಎಸ್ ಕಟ್ಟಿದರು. ಇದರ ಹಿಂದಿನ ತರ್ಕ ನನಗೆ ಅರ್ಥವಾದ ಹಾಗೆ ಸರಳ: ದಾಳಿಯಿಂದ ಬಂದ ರೋಗವೂ ಮೊದಲ ದಿನ ಮಾಮೂಲಿ ರೋಗದ ಹಾಗೇ ಕಾಣುತ್ತೆ. ಮಾಮೂಲಿ ಏನೆಂದು ಗೊತ್ತಿಲ್ಲದವರಿಗೆ ವಿಚಿತ್ರವೂ ಗೊತ್ತಾಗಲ್ಲ. ಮೊದಲ ತಂಡದಲ್ಲಿ 22 ವೈದ್ಯರು, ಒಬ್ಬ ನೈರ್ಮಲ್ಯ ಎಂಜಿನಿಯರ್. ಎಂಜಿನಿಯರಿಂಗ್ ಓದಿದ ನನಗೆ ಆ ಒಬ್ಬರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ.

ದಾಳಿ ಬರಲಿಲ್ಲ. 1955ರ ಏಪ್ರಿಲ್‌ನಲ್ಲಿ ಸಾಲ್ಕ್ ಪೋಲಿಯೊ ಲಸಿಕೆ ಹಾಕಿಸಿಕೊಂಡ ಕೆಲವು ಮಕ್ಕಳಿಗೇ ಕೈಕಾಲು ಸ್ವಾಧೀನ ತಪ್ಪಿತು. ಅಭಿಯಾನ ನಿಂತಿತು. ಲ್ಯಾಂಗ್‌ಮ್ಯೂರ್ ತಂಡ ರಾಜ್ಯಗಳಿಂದ ವರದಿ ತರಿಸಿ, ಯಾವ ಮಗುವಿಗೆ ಯಾವ ಕಂಪನಿಯ ಲಸಿಕೆ ಅಂತ ಜೋಡಿಸಿತು. ದೋಷ ಮುಖ್ಯವಾಗಿ ಕಟರ್ ಲ್ಯಾಬೊರೇಟರೀಸ್‌ನ ಲಸಿಕೆಯದ್ದು. ಅದರಲ್ಲಿ ಜೀವಂತ ವೈರಸ್ ಉಳಿದಿತ್ತು. ಲೆಕ್ಕ ಕೈಯಲ್ಲಿ ಇದ್ದಿದ್ದರಿಂದ ಲಸಿಕೆಯೇ ಬೇಡ ಅನ್ನುವ ಭಯ ಗೆಲ್ಲಲಿಲ್ಲ. ಅಭಿಯಾನ ಮತ್ತೆ ಶುರುವಾಯಿತು.

1970ರಲ್ಲಿ ಅವರು ಸಿಡಿಸಿ ಬಿಟ್ಟರು. ನಿಜವಾದ ದಾಳಿ ಬಂದಿದ್ದು 1984ರಲ್ಲಿ: ಒರೆಗಾನ್ ರಾಜ್ಯದಲ್ಲಿ ರಜನೀಶ್ ಅನುಯಾಯಿಗಳು ಹೋಟೆಲ್ ಸಲಾಡ್‌ಗಳಿಗೆ ಸಾಲ್ಮೊನೆಲ್ಲಾ ಬೆರೆಸಿದರು, 751 ಮಂದಿ ಕಾಯಿಲೆ ಬಿದ್ದರು. ಎಣಿಕೆ ನಡೆಯಿತು, ಆದರೆ ತನಿಖೆ ಮೊದಲು ಬೆರಳು ತೋರಿಸಿದ್ದು ಹೋಟೆಲ್ ಕೆಲಸಗಾರರ ಕಡೆ. ಸತ್ಯ ಹೊರಬರಲು ಸುಮಾರು ಒಂದು ವರ್ಷ ಬೇಕಾಯ್ತು. ಈ ವ್ಯವಸ್ಥೆಯ ಮಿತಿ ಇದೇ: ಎಲ್ಲಿ, ಎಷ್ಟು ಜನಕ್ಕೆ ರೋಗ ಅಂತ ಹೇಳುತ್ತೆ, ಯಾರ ದ್ವೇಷ ಅಂತ ಹೇಳಲ್ಲ. ಆದರೆ ರೋಗಿಯ ಜೀವ ಉಳಿಸೋಕೆ ಮೊದಲು ಬೇಕಾದ್ದು ಆ ಎಣಿಕೆಯೇ.

ಲ್ಯಾಂಗ್‌ಮ್ಯೂರ್ 1993ರಲ್ಲಿ ತೀರಿಕೊಂಡರು. ಅವರ ಮಾದರಿಯ ಇಂಡಿಯಾ ಇಐಎಸ್ ನಮ್ಮಲ್ಲಿ ಶುರುವಾಗಿದ್ದು 2012ರಲ್ಲಿ. ನನ್ನ ತಕರಾರು ಒಂದೇ: ಜ್ವರ ಎಣಿಸೋಕೆ ದುಡ್ಡು ಕೊಡಲು ಸರ್ಕಾರಗಳಿಗೆ ಒಬ್ಬ ಶತ್ರು ಯಾಕೆ ಬೇಕು? ಲ್ಯಾಂಗ್‌ಮ್ಯೂರ್ ಆ ಚಟವನ್ನು ಜಾಣತನದಿಂದ ಬಳಸಿಕೊಂಡರು. ಮುಂದಿನ ಬಾರಿ ಯಾರಾದರೂ ದೇಶದ ಭದ್ರತೆಯ ಬಗ್ಗೆ ಭಾಷಣ ಮಾಡಿದರೆ, ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಅಂತ ಕೇಳಿ.