ಪಾಠವನ್ನು ತಿದ್ದಿದ ಪರೀಕ್ಷಕರು
ನಾವುಂದವೂ ಬಂಟವಾಳವೂ ಮದರಾಸು ಆಧಿಪತ್ಯದ ಒಂದೇ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಶಾಲಾ ಇನ್‌ಸ್ಪೆಕ್ಟರರ ಆಗಮನವೆಂದರೆ ಮಕ್ಕಳಿಗೂ ಉಪಾಧ್ಯಾಯರಿಗೂ ಪರೀಕ್ಷೆಯ ದಿನವಾಗಿತ್ತು. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿದ್ದು ಅನಂತರ ಆ ಅಧಿಕಾರವನ್ನೇ ಪಡೆದರು. ಆದರೆ ಬಾಯಿಪಾಠವನ್ನೊಪ್ಪಿಸಿಕೊಂಡು ವರದಿ ಬರೆಯುವುದಷ್ಟೇ ಅವರಿಗೆ ಸಾಕಾಗಲಿಲ್ಲ. ಮಕ್ಕಳ ನಾಲಗೆಗೊಗ್ಗುವ ಪದ್ಯ, ಕಥೆ, ಪಾಠಪುಸ್ತಕಗಳನ್ನು ತಾವೇ ರಚಿಸಿದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮುಂದೆ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯನ್ನಲಂಕರಿಸಿ, 1937ರಲ್ಲಿ ದಿವಂಗತರಾದರು.

2024ರಲ್ಲಿ ನಮ್ಮ ಸರಕಾರವು ಐದನೆಯ ತರಗತಿಯ ಮಕ್ಕಳಿಗೂ ಬೋರ್ಡು ಪರೀಕ್ಷೆಯನ್ನೊಡ್ಡಿತು. ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಫಲಿತಾಂಶವನ್ನೇ ತಡೆಯಬೇಕಾಯಿತು. ಮಗುವಿಗೆ ಪಾಠವು ಹತ್ತದಿದ್ದಾಗ ಪಂಜೆಯವರು ಪಾಠವನ್ನು ತಿದ್ದಿದರು. ಈ ಅಧಿಕಾರಿಗಳು ಪರೀಕ್ಷೆಯನ್ನು ಹೆಚ್ಚಿಸಿದರು. ನಾವುಂದದ ಕೂಸಿಗೆ ಬೇಕಾದುದು ಮೊದಲನೆಯದೇ ಸರಿ.