ಮೋಕ್ಷಗುಂಡಂ ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು (1860–1962) ಭಾರತದ ಪ್ರಸಿದ್ಧ ಅಭಿಯಂತರರು, ಆಡಳಿತಗಾರರು ಹಾಗೂ ಆರ್ಥಿಕ ಚಿಂತಕರು. 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅಣೆಕಟ್ಟುಗಳ ನಿರ್ಮಾಣದಿಂದ ಹೆಚ್ಚು ಪರಿಚಿತರಾಗಿದ್ದರೂ, ಶಿಕ್ಷಣ ಮತ್ತು ಕೈಗಾರಿಕೆಗಳ ಮೂಲಕ ಪ್ರಜೆಗಳಿಗೆ ಉದ್ಯೋಗ ಒದಗಿಸುವುದು ಸರ್ಕಾರದ ಹೊಣೆಯೆಂಬ ನೀತಿಯನ್ನು ಭಾರತದಲ್ಲಿ ಮೊದಲು ಆಚರಣೆಗೆ ತಂದವರಲ್ಲಿ ಅವರೂ ಒಬ್ಬರು.

ಜನನ ಮತ್ತು ಶಿಕ್ಷಣ

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ 1860ರ ಸೆಪ್ಟೆಂಬರ್ 15ರಂದು ಜನಿಸಿದರು. ಕೆಲವು ಗ್ರಂಥಗಳಲ್ಲಿ ಜನ್ಮವರ್ಷ 1861 ಎಂದಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆಯುತ್ತಿದ್ದ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಬಂದ ಹಣದಲ್ಲಿ ಓದನ್ನು ಮುಂದುವರಿಸಿ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಭ್ಯಸಿಸಿ, 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಮುಂಬಯಿ ಪ್ರಾಂತ್ಯದ ಸೇವೆ

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಕಾಲುವೆಯ ನೀರು ಕೆಲವೇ ರೈತರ ಪಾಲಾಗದೆ ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗುವಂತೆ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಅವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. 1908ರಲ್ಲಿ ಸ್ವಯಂನಿವೃತ್ತಿ ಪಡೆದು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು.

ದಿವಾನಗಿರಿ

1911ರಲ್ಲಿ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನದ ಹಿಂದಿನ ಪ್ರೇರಣೆ ವಿಶ್ವೇಶ್ವರಯ್ಯನವರದು. ಶಿಕ್ಷಣ, ಕೃಷಿ ಹಾಗೂ ಕೈಗಾರಿಕೆ–ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳಿದ್ದ ಈ ಸಂಸ್ಥೆಯು ಜಿಲ್ಲೆ ಮತ್ತು ತಾಲ್ಲೂಕುಗಳವರೆಗೂ ವಿಸ್ತರಿಸಿತು. ಬಹುಪಾಲು ಜನರು ಮಳೆಯಾಶ್ರಿತ ಬೇಸಾಯವನ್ನೇ ನಂಬಿರುವುದು ಬಡತನಕ್ಕೆ ಮುಖ್ಯ ಕಾರಣವೆಂಬುದು ಅವರ ನಿಲುವಾಗಿತ್ತು. ಅವರ ಹುಟ್ಟೂರಿನ ಸೀಮೆಯಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ಕೆರೆ ಮತ್ತು ಮಳೆಯನ್ನೇ ಆಶ್ರಯಿಸಿದ್ದ ಇಂತಹ ಪ್ರದೇಶಗಳಾಗಿದ್ದವು.

ಅವರ ಅಧಿಕಾರಾವಧಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ (1913), ಮೈಸೂರು ಬ್ಯಾಂಕ್ (1913), ಮೈಸೂರು ವಿಶ್ವವಿದ್ಯಾನಿಲಯ (1916) ಮತ್ತು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಅಸ್ತಿತ್ವಕ್ಕೆ ಬಂದವು. ಶ್ರೀಗಂಧದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳು ಆರಂಭವಾದವು. ರೇಷ್ಮೆ ಕೃಷಿಯ ಸುಧಾರಣೆಗೆ ವಿದೇಶಿ ತಜ್ಞರ ನೆರವು ಪಡೆಯಲಾಯಿತು.

ಸರ್ಕಾರಿ ಉದ್ಯೋಗಗಳ ಪ್ರಶ್ನೆ ಮತ್ತು ರಾಜೀನಾಮೆ

ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಅಧಿಕ ಸಂಖ್ಯೆಯಲ್ಲಿದ್ದರು. ಈ ಅಸಮತೆಯನ್ನು ಸರಿಪಡಿಸಬೇಕೆಂದು ಬ್ರಾಹ್ಮಣೇತರ ಮುಖಂಡರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಸಲ್ಲಿಸಿದರು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಹಿಂದುಳಿದವರಿಗೆ ಶಿಕ್ಷಣದ ಸೌಲಭ್ಯ ಹೆಚ್ಚಿಸಬೇಕು, ಆದರೆ ನೇಮಕಾತಿ ಅರ್ಹತೆಯ ಮೇಲೆಯೇ ನಡೆಯಬೇಕು ಎಂಬುದು ವಿಶ್ವೇಶ್ವರಯ್ಯನವರ ವಾದವಾಗಿತ್ತು. ಶಿಕ್ಷಣವೇ ಕೆಲವರಿಗೆ ಸೀಮಿತವಾಗಿರುವಾಗ ಅರ್ಹತೆಯೊಂದನ್ನೇ ಪರಿಗಣಿಸುವುದು ನ್ಯಾಯವಲ್ಲವೆಂಬುದು ವಿರೋಧಿಗಳ ವಾದ. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿ ಅವರು ದಿವಾನ ಪದವಿಯನ್ನು ತೊರೆದರು, ಎಂ. ಕಾಂತರಾಜ ಅರಸ್ ಉತ್ತರಾಧಿಕಾರಿಯಾದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು ಹಾಗೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಸ್ಥಾನಗಳು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಸಮಿತಿಯು ಶಿಫಾರಸು ಮಾಡಿತು. ಭಾರತದಲ್ಲಿ ಉದ್ಯೋಗ ಮೀಸಲಾತಿಯ ಆರಂಭಿಕ ಕ್ರಮಗಳಲ್ಲಿ ಇದೂ ಒಂದು.

ನಂತರದ ಕಾರ್ಯ ಮತ್ತು ಕೃತಿಗಳು

1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿದ್ದು, ವಿದೇಶಿ ತಜ್ಞರ ಸ್ಥಾನದಲ್ಲಿ ದೇಶೀಯರನ್ನು ತರಬೇತಿಗೊಳಿಸಿದರು. ಈ ಸೇವೆಗೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ವೃತ್ತಿಶಿಕ್ಷಣ ಸಂಸ್ಥೆಗೆ ವಿನಿಯೋಗಿಸುವಂತೆ ಸೂಚಿಸಿದರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು.

ಭಾರತದ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತು 1934ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕೃತಿಯಲ್ಲಿ, ಹತ್ತು ವರ್ಷಗಳಲ್ಲಿ ರಾಷ್ಟ್ರೀಯ ಆದಾಯವನ್ನು ದ್ವಿಗುಣಗೊಳಿಸಿ, ಬೇಸಾಯವನ್ನು ಅವಲಂಬಿಸಿದವರನ್ನು ಕೈಗಾರಿಕೆಯತ್ತ ತರುವ ಯೋಜನೆಯನ್ನು ಮಂಡಿಸಿದರು. ಹಲವು ಹಳ್ಳಿಗಳನ್ನು ಒಂದು ಗುಂಪಾಗಿಸಿ, ಸ್ಥಳೀಯ ಸಮಿತಿಯ ಮೂಲಕ ಸಣ್ಣ ಕೈಗಾರಿಕೆಗಳನ್ನು ಬೆಳೆಸುವ ಗ್ರಾಮ ಕೈಗಾರಿಕೀಕರಣ ಯೋಜನೆಯನ್ನು ಇಳಿವಯಸ್ಸಿನಲ್ಲಿ ರೂಪಿಸಿದರು. ಸ್ವಾತಂತ್ರ್ಯಾನಂತರ ಮೈಸೂರು ಸರ್ಕಾರವು ಅದನ್ನು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಜಾರಿಗೊಳಿಸಿತು. ಅವರ ಹುಟ್ಟೂರು ಆಗ ಕೋಲಾರ ಜಿಲ್ಲೆಗೆ ಸೇರಿತ್ತು.

ಗೌರವ ಮತ್ತು ಸ್ಮಾರಕಗಳು

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. 1962ರ ಏಪ್ರಿಲ್‌ನಲ್ಲಿ ನಿಧನರಾದರು, ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅವರ ಜನ್ಮದಿನವನ್ನು ಭಾರತದಲ್ಲಿ ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತದೆ. ಬೆಳಗಾವಿಯಲ್ಲಿ ಕೇಂದ್ರ ಕಚೇರಿಯಿರುವ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಗಿದೆ.